ಇಂಗ್ಲೆಂಡಿನಲ್ಲಿ ಫಾರ್ಮಸಿಸ್ಟ್ ಆಗಬೇಕೆಂದಿರುವ ತಂಗಿಗೆ

ಅಕ್ಕಾ ಎಂದು ಕರೆದು ಬರೆದಿದ್ದೀಯೆ, ಹಾಗಾಗಿ ಏಕವಚನದಲ್ಲೇ ಉತ್ತರಿಸುತ್ತೇನೆ. ಮೈಸೂರಿನಲ್ಲಿ ಬಿ.ಫಾರ್ಮಾ ಮುಗಿಸಿ ಮೆಡಿಕಲ್ ಸ್ಟೋರ್ ಒಂದರಲ್ಲಿ ಕೆಲಸ ಮಾಡುತ್ತಿರುವೆ. ಜೊತೆಗೆ ಓದಿದ ಕೆಲವರು ತಮ್ಮ ಪ್ರಮಾಣಪತ್ರವನ್ನು ಯಾವುದೋ ಅಂಗಡಿಗೆ ಬಾಡಿಗೆಗೆ ಕೊಟ್ಟು ಬೇರೆ ಕೆಲಸ ಹಿಡಿದಿದ್ದಾರೆ. ಇಂಗ್ಲೆಂಡಿಗೆ ಬಂದರೆ ಈ ಓದಿಗೆ ಬೆಲೆ ಸಿಗುತ್ತದೆಯೇ, ಇಲ್ಲಿಯೂ ಚೀಟಿ ನೋಡಿ ಮಾತ್ರೆ ಎಣಿಸುವುದೇ ಕೆಲಸವೇ ಎಂದು ಕೇಳಿದ್ದೀಯೆ.

ಬೆಲೆ ಇದೆ. ಚೀಟಿ ಬರೆದವರು ಎಷ್ಟೇ ದೊಡ್ಡ ವೈದ್ಯರಾಗಿರಲಿ, ಅಗತ್ಯ ಬಿದ್ದರೆ ‘ಇದನ್ನು ನಾನು ಕೊಡಲಾರೆ’ ಎನ್ನುವ ಹೊಣೆ ಇಲ್ಲಿ ಫಾರ್ಮಸಿಸ್ಟ್ ಮೇಲಿದೆ. ಬೆಲೆ ಹುಟ್ಟುವುದೇ ಅಲ್ಲಿಂದ.

ಒಂದು ಸನ್ನಿವೇಶ ಹೇಳುತ್ತೇನೆ. ಈ ಕೆಲಸದಲ್ಲಿರುವವರೆಲ್ಲ ಎದುರು ನೋಡುತ್ತಲೇ ಇರಬೇಕಾದದ್ದು. ವಯಸ್ಸಾದ ಒಬ್ಬಾಕೆ ಉರಿಮೂತ್ರಕ್ಕೆಂದು ಟ್ರೈಮೆಥೊಪ್ರಿಮ್ ಎಂಬ ಆ್ಯಂಟಿಬಯಾಟಿಕ್‌ನ ಚೀಟಿ ತರುತ್ತಾರೆ. ಪ್ರಮಾಣ ಸರಿ, ದಿನಗಳು ಸರಿ, ಸಹಿಯೂ ಸರಿ. ಬೇರೆ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದರೆ ಇಲ್ಲ ಎನ್ನುತ್ತಾರೆ. ಅಲ್ಲಿಗೆ ಬಿಡಬಾರದು. ಕೀಲುನೋವಿಗೆ, ಆಸ್ಪತ್ರೆಯಿಂದ ಏನಾದರೂ, ಎಂದು ಕೆದಕಿದಾಗ ‘ಹೌದು, ಸೋಮವಾರಕ್ಕೊಮ್ಮೆ ಒಂದಿದೆ’ ಎನ್ನುತ್ತಾರೆ. ವಾರಕ್ಕೊಮ್ಮೆ ಎಂಬ ಮಾತು ಕೇಳಿದೊಡನೆ ಕೈ ನಿಲ್ಲಬೇಕು. ಅದು ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೋನೇಟ್ ಆಗಿದ್ದರೆ ಚಿಂತೆಯಿಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಆಗಿದ್ದರೆ ಅಪಾಯ: ಅದು ಮತ್ತು ಟ್ರೈಮೆಥೊಪ್ರಿಮ್ ಎರಡೂ ಫೋಲೇಟ್ ಎಂಬ ಬಿ ವಿಟಮಿನ್‌ನ ಕೆಲಸಕ್ಕೆ ಅಡ್ಡ ಬರುವ ಔಷಧಗಳು. ಒಟ್ಟಿಗೆ ಸೇರಿದರೆ ಅಸ್ಥಿಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯೇ ಕುಸಿದು ಜೀವಕ್ಕೆ ಕುತ್ತು ಬರಬಹುದು. ಆಸ್ಪತ್ರೆ ನೇರವಾಗಿ ಕೊಟ್ಟ ಔಷಧ ನಮ್ಮ ಕಂಪ್ಯೂಟರಿನಲ್ಲಿ ಕಾಣದೆ ಹೋಗಬಹುದು, ಆಗ ಬಾಯಿಬಿಟ್ಟು ಕೇಳುವುದೊಂದೇ ದಾರಿ. ಚೀಟಿಯನ್ನು ತಡೆಹಿಡಿದು, ವೈದ್ಯರಿಗೆ ಫೋನ್ ಮಾಡಿ, ಮೂತ್ರಪಿಂಡ ಸರಿಯಿದ್ದರೆ ನೈಟ್ರೋಫ್ಯುರಾಂಟಾಯಿನ್ ಎಂಬ ಬೇರೆ ಆ್ಯಂಟಿಬಯಾಟಿಕ್ ಆದೀತೇ ಎಂದು ಕೇಳಿ, ಆದದ್ದನ್ನು ದಾಖಲಿಸಬೇಕು. ಹಿಂದೆ ಸಾಲು ಬೆಳೆದು ಜನ ಗೊಣಗುತ್ತಿರುತ್ತಾರೆ. ಗೊಣಗಲಿ.

ಬಾಡಿಗೆ ಪ್ರಮಾಣಪತ್ರಕ್ಕೆ ಇಲ್ಲಿ ಜಾಗವಿಲ್ಲ. ಆ ದಿನದ ಹೊಣೆ ಹೊತ್ತ ಫಾರ್ಮಸಿಸ್ಟಿನ ಹೆಸರು ಮತ್ತು ನೋಂದಣಿ ಸಂಖ್ಯೆ ಗ್ರಾಹಕರಿಗೆ ಕಾಣುವಂತೆ ತೂಗುಹಾಕಿರಬೇಕು. ದಿನದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಹೋಗುವಂತಿಲ್ಲ. ನಮ್ಮಲ್ಲಿಯೂ 1948ರಿಂದ ಫಾರ್ಮಸಿ ಕಾಯ್ದೆ ಇದೆ, ಆದರೂ ಎಷ್ಟೋ ಕಡೆ ಗೋಡೆಯ ಮೇಲೆ ಹೆಸರು ಮಾತ್ರ ನೇತಾಡುತ್ತದೆ. ಆ ನೋವು ನಿನ್ನ ಪತ್ರದಲ್ಲಿ ಕಂಡಿತು, ನನಗೂ ಇದೆ.

ಕೆಲಸದ ವ್ಯಾಪ್ತಿಯೂ ಬೆಳೆಯುತ್ತಿದೆ. 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ‘ಫಾರ್ಮಸಿ ಫಸ್ಟ್’ ನಡೆಯುತ್ತಿದೆ. ಗಂಟಲುನೋವು, ಸರ್ಪಸುತ್ತು, ಮಕ್ಕಳ ಕಿವಿನೋವು, ಹೆಂಗಸರ ಉರಿಮೂತ್ರ ಸೇರಿ ಏಳು ತೊಂದರೆಗಳಿಗೆ ವೈದ್ಯರ ಚೀಟಿಯಿಲ್ಲದೆ, ನಿಗದಿತ ನಿಯಮದೊಳಗೆ ನಾವೇ ಪರೀಕ್ಷಿಸಿ ಔಷಧ ಕೊಡಬಹುದು. ಆದರೆ ಗಂಟಲುನೋವೆಂದು ಬಂದವರಿಗೆಲ್ಲ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸಿದರೆ ಓದಿದ್ದು ವ್ಯರ್ಥ. ನಿಯಮ ಒಪ್ಪದಿದ್ದಾಗ ಬೇಡವೆಂದು ಸಮಾಧಾನದಿಂದ ವಿವರಿಸಿ ಕಳಿಸುವುದಕ್ಕೇ ಹೆಚ್ಚು ವಿದ್ಯೆ ಬೇಕು.

ಇನ್ನು ದಾರಿ. ಇದನ್ನು ಗಮನವಿಟ್ಟು ಓದು, ಹಣ ಕಳೆದುಕೊಳ್ಳುವುದು ಇಲ್ಲೇ. ಏಜೆಂಟರು ‘ಔಷಧ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಫಾರ್ಮಸಿಸ್ಟ್ ಆಗಿ’ ಎನ್ನುತ್ತಾರೆ. ಆ ಎಂ.ಎಸ್ಸಿ. ಯಿಂದ ನೋಂದಣಿ ಆಗುವುದಿಲ್ಲ. ಭಾರತದಲ್ಲಿ ಓದಿ ನೋಂದಣಿಯಾದವರಿಗೆ ಇರುವುದು ಓಎಸ್‌ಪಿಎಪಿ ಎಂಬ ಒಂದು ವರ್ಷದ ಕೋರ್ಸು. ಆಮೇಲೆ 52 ವಾರಗಳ ಸಂಬಳಸಹಿತ ತರಬೇತಿ, ಅದರ ಜೊತೆಗೆ ಇಲ್ಲಿ ಫಾರ್ಮಸಿಸ್ಟರನ್ನು ನೋಂದಾಯಿಸುವ ಜನರಲ್ ಫಾರ್ಮಸ್ಯುಟಿಕಲ್ ಕೌನ್ಸಿಲ್‌ನ ಪರೀಕ್ಷೆ. ಪರೀಕ್ಷೆ ಜೂನ್ ಮತ್ತು ನವೆಂಬರ್‌ನಲ್ಲಿ ನಡೆಯುತ್ತದೆ. ಮೂರು ಅವಕಾಶ, ಅಷ್ಟೇ. ಮೊದಲ ಪತ್ರಿಕೆ ಪೂರ್ತಿ ಲೆಕ್ಕ, ಎರಡು ಗಂಟೆಯಲ್ಲಿ 40. ನಮ್ಮವರು ಲೆಕ್ಕಕ್ಕೆ ಹೆದರುವುದಿಲ್ಲ, ಆದರೆ ಇಲ್ಲಿ ಮೈಕ್ರೋಗ್ರಾಂ ಮತ್ತು ಮಿಲಿಗ್ರಾಂ ನಡುವೆ ಕಣ್ಣು ತಪ್ಪಿದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ. ಇಂಗ್ಲಿಷಿಗೆ ಐಇಎಲ್‌ಟಿಎಸ್ ಬರೆಯುವುದಾದರೆ ಒಂದೇ ಪ್ರಯತ್ನದಲ್ಲಿ ನಾಲ್ಕೂ ವಿಭಾಗಗಳಲ್ಲಿ ತಲಾ 7 ಬೇಕು. ಬರವಣಿಗೆಯನ್ನು ಈಗಿನಿಂದಲೇ ಅಭ್ಯಾಸ ಮಾಡು.

ಇಲ್ಲಿಯ ಎಂ.ಫಾರ್ಮ್ (ನಮ್ಮ ಸ್ನಾತಕೋತ್ತರ ಎಂ.ಫಾರ್ಮಾ ಅಲ್ಲ, ಇಲ್ಲಿ ಫಾರ್ಮಸಿಸ್ಟ್ ಆಗಲು ಓದುವ ಮೂಲ ಪದವಿ) ಓದಿ 2026ರಿಂದ ನೋಂದಣಿಯಾಗುವವರು ಮೊದಲ ದಿನದಿಂದಲೇ ತಾವೇ ಔಷಧ ಬರೆದುಕೊಡಲು ಅರ್ಹರು. ನೀನು ಸೇರುವ ಕೋರ್ಸಿನಲ್ಲಿ ಆ ಅರ್ಹತೆ ಸಿಗುತ್ತದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಶ್ವವಿದ್ಯಾಲಯವನ್ನು ಕೇಳು. ಮುಂದೆ ಕೆಲಸ ಹುಡುಕುವಾಗ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಅಮೆರಿಕದ ಬಗ್ಗೆಯೂ ಕೇಳಿದ್ದೀಯೆ: 2003ರ ನಂತರ ಪದವಿ ಪಡೆದವರಿಗೆ ಅಲ್ಲಿ ಐದು ವರ್ಷದ ಓದು ಬೇಕು, ನಿನ್ನ ನಾಲ್ಕು ವರ್ಷದ ಬಿ.ಫಾರ್ಮಾ ಸಾಲದು.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ದಿನವಿಡೀ ನಿಂತಿರಬೇಕು. ಶನಿವಾರವೂ ಕೆಲಸವಿರುತ್ತದೆ. ಚಳಿಗಾಲದಲ್ಲಿ ಮನೆಗೆ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ಔಷಧ ದಾಸ್ತಾನಿಲ್ಲದಿದ್ದರೆ ಬೈಗುಳ ನಿನಗೇ. ಜನರೊಡನೆ ಮಾತನಾಡುವುದು ನಿನಗೆ ಇಷ್ಟವಿಲ್ಲದಿದ್ದರೆ ಬೆಂಗಳೂರಿನ ಔಷಧ ಕಂಪನಿಗಳಲ್ಲೇ ಒಳ್ಳೆಯ ಕೆಲಸ ಸಿಗುತ್ತದೆ, ಇಷ್ಟು ದೂರ ಬರಬೇಡ. ಇಷ್ಟವಿದ್ದರೆ ಖಂಡಿತ ಬಾ.

ಈ ವಾರ ಮಾಡಬೇಕಾದದ್ದು ಎರಡು. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ನಿನ್ನ ನೋಂದಣಿ ಚಾಲ್ತಿಯಲ್ಲಿದೆಯೇ ನೋಡು. ಏಜೆಂಟ್ ಹೇಳಿದ ಕೋರ್ಸು ಇಲ್ಲಿಯ ಕೌನ್ಸಿಲ್‌ನ ಮಾನ್ಯತೆಯ ಪಟ್ಟಿಯಲ್ಲಿದೆಯೇ ನೋಡು. ಪಟ್ಟಿಯಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡ, ಮೊದಲು ಆ ಕೋರ್ಸಿನ ಹೆಸರನ್ನು ನನಗೆ ಬರೆದು ತಿಳಿಸು.