ಹಾಲು ಒಡೆದ ಬಿಕೋಲ್ ಎಕ್ಸ್‌ಪ್ರೆಸ್‌ಗೆ ಕಾರ್ನ್‌ಫ್ಲೋರ್ ಮದ್ದಲ್ಲ

ಸರ್, ದುಬೈಯಲ್ಲಿ ಮಾಡಿದ, ತೆಂಗಿನ ಹಾಲು, ಹಂದಿ ಮಾಂಸ, ಮೆಣಸಿನಕಾಯಿಯ ಫಿಲಿಪೀನ್ಸ್ ಅಡುಗೆ ಬಿಕೋಲ್ ಎಕ್ಸ್‌ಪ್ರೆಸ್‌ನ ಫೋಟೋ ಹಾಕಿ "ಹಾಲು ಒಡೆದು ರವೆ ರವೆ ಆಯ್ತು, ಉಪ್ಪೂ ಜಾಸ್ತಿ, ಎಲ್ಲಿ ತಪ್ಪಿದೆ?" ಅಂತ ಕೇಳಿದ್ದೀರಿ. ಮೂರು ಜನ ಆಗಲೇ ಕಾರ್ನ್‌ಫ್ಲೋರ್ ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ನೀವು ಮಾಡಿದ್ದು ಓದಿ ನಗುವೂ ಬಂತು, ಸಂಕಟವೂ ಆಯ್ತು. ಎರಡು ಟಿನ್ ಗಟ್ಟಿ ತೆಂಗಿನ ಹಾಲು ಒಟ್ಟಿಗೆ, ಬಗೊಂಗ್ (ಉಪ್ಪಲ್ಲಿ ಹುದುಗಿಸಿದ ಸೀಗಡಿ), ಅದರ ಮೇಲೆ ಉಪ್ಪು, ಮುಚ್ಚಳ, ಜೋರು ಉರಿ. ಕೊನೆಗೆ ಒಂದು ಚಮಚ ಕಾಚಂಪುಲಿ, ಕೊಡಗಿನ ಆ ಕಪ್ಪು ಹುಳಿ! ಕಾಚಂಪುಲಿ ಒಂದು ಬಿಟ್ಟರೆ, ಮನಿಲಾ ಪಕ್ಕದ ಕೆಜೋನ್ ಸಿಟಿಗೆ ಬಂದ ಮೊದಲ ವರ್ಷ ನಾನು ಮಾಡಿದ್ದೂ ಇದೇ.

ಅವತ್ತು ಊಟಕ್ಕೆ ನಾಲ್ಕು ಜನರನ್ನು ಕರೆದಿದ್ದೆ. ಮುಚ್ಚಳ ತೆಗೆದರೆ ಮೇಲೆ ಒಡೆದ ಹಾಲಿನ ಹಾಗೆ ಬಿಳಿ ಕಾಳು, ಕೆಳಗೆ ತಿಳಿನೀರು, ನಡುವೆ ರಬ್ಬರಿನಂಥ ಮಾಂಸ. ಪಕ್ಕದ ಮನೆಯ ಮನಾಯ್ ಬಿಕೋಲ್ ಪ್ರಾಂತ್ಯದ ಅಲ್ಬಾಯ್ ಕಡೆಯವರು, ತೆಂಗಿನ ಹಾಲಲ್ಲೇ ಬೆಳೆದವರು. (ಬಿಕೋಲ್ ಕಡೆ ಅಕ್ಕನಿಗೆ ಮನಾಯ್ ಅಂತಾರೆ.) ಚಮಚದ ತುದಿಯಲ್ಲಿ ಒಂದು ಹನಿ ನೆಕ್ಕಿ, "ಉಪ್ಪು ಎಷ್ಟು ಸಲ ಹಾಕಿದೆ?" ಅಂತ ಮಾತ್ರ ಕೇಳಿದರು. ಮಾರನೇ ವಾರ ಅವರ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ.

ನೋಡಿದ್ದು ಇಷ್ಟು. ಒಗ್ಗರಣೆ ಇಲ್ಲ, ಹುರಿಯೋದು ಇಲ್ಲ. ಅರ್ಧ ಕೆಜಿ ಲಿಯೆಂಪೋ, ಅಂದರೆ ಹಂದಿಯ ಹೊಟ್ಟೆ ಭಾಗ, ಬೆರಳಗಲದ ತುಂಡುಗಳು. ಬೆಳ್ಳುಳ್ಳಿ, ಈರುಳ್ಳಿ, ಶುಂಠಿ. ಎರಡು ದೊಡ್ಡ ಚಮಚ ಬಗೊಂಗ್. ಇದಕ್ಕೆಲ್ಲ ಮೂರು ಲೋಟ ನೀರು ಹಾಲು, ಅಂದರೆ ಎರಡನೇ ಸಲ ಹಿಂಡಿದ್ದು. ಮುಚ್ಚಳ ಇಲ್ಲದೆ, ಕುದಿ ಬರೋವರೆಗೆ ಕೈಯಾಡಿಸುತ್ತಲೇ ಇದ್ದರು. ಆಮೇಲೆ ಸಣ್ಣ ಉರಿ. ನಲವತ್ತು ನಿಮಿಷದಲ್ಲಿ ಮಾಂಸ ಮೆತ್ತಗಾಯ್ತು, ಹಾಲು ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಗ ಮೆಣಸಿನಕಾಯಿ. ಕೊನೆಗೆ ಒಂದು ಲೋಟ ಮೊದಲ ಹಾಲು. ಕಾಕಂಗ್ ಗತಾ ಅನ್ನೋದು ಅದನ್ನೇ.

ಈಗ ಕಿವಿ ಕೊಡಿ. ಮೊದಲು ಪಾತ್ರೆ ಗುಳುಗುಳು ಅನ್ನುತ್ತೆ. ಹಾಲು ಇಂಗುತ್ತಾ ಬಂದ ಹಾಗೆ ಬುಡಬುಡ ದಪ್ಪ ಗುಳ್ಳೆ. ಆಮೇಲೆ ಸಣ್ಣಗೆ ಚಟಚಟ ಶುರು. ನೀರು ಹೋಗಿ ಎಣ್ಣೆ ಬಿಟ್ಟ ಸದ್ದು ಅದು. ಅಂಚಲ್ಲಿ ಎಣ್ಣೆ ಕಾಣಿಸಿದ ಕೂಡಲೇ ಮನಾಯ್ ಒಲೆ ಆರಿಸಿದರು. ನಾನು "ಒಡೆದುಹೋಯ್ತು!" ಅಂತ ಕೂಗಿದ್ದೆ. ಒಡೆಯೋದೇ ಬೇರೆ, ಎಣ್ಣೆ ಬಿಡೋದೇ ಬೇರೆ ಸರ್. ಗಟ್ಟಿ ಹಾಲಿಗೆ ಶುರುವಲ್ಲೇ ಜೋರು ಉರಿ ಕೊಟ್ಟರೆ, ಹುಳಿ ಬಿದ್ದರೆ, ಅದರೊಳಗಿನ ಪ್ರೋಟೀನ್ ಗಂಟುಗಟ್ಟಿ ಕಾಳಾಗುತ್ತೆ. ಎಣ್ಣೆ ಬಿಡೋದು ಕೊನೆಯಲ್ಲಿ, ನಮಗೆ ಬೇಕಾಗಿಯೇ.

ಇನ್ನು ಟಿನ್ ಹಾಲು. ಕೆಲವು ಟಿನ್‌ಗಳಲ್ಲಿ ಗೋರಿಕಾಯಿ ಬೀಜದ ಗೋಂದು (ಗ್ವಾರ್ ಗಮ್), ನೀರು ಎಣ್ಣೆ ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಇರುತ್ತೆ, ಎಷ್ಟು ಕುದಿಸಿದರೂ ಎಣ್ಣೆ ಬಿಡೋದೇ ಇಲ್ಲ. ಒಂದು ಟಿನ್ನಿನ ಮುಂದೆ ಒಂದು ಗಂಟೆ ನಿಂತಿದ್ದೇನೆ, ಹೆಸರು ಹೇಳೋದಿಲ್ಲ. ಡಬ್ಬಿ ತಿರುಗಿಸಿ ತೆಂಗು, ನೀರು ಎರಡೇ ಇರೋದನ್ನು ತಗೊಳ್ಳಿ. ನನಗೆ ಅರೊಯ್-ಡಿ ಕಾರ್ಟನ್ ಒಗ್ಗಿದೆ. ಮೂರನೇ ಒಂದು ಭಾಗಕ್ಕೆ ಎರಡು ಲೋಟ ನೀರು ಬೆರೆಸಿದರೆ ಅದೇ ನೀರು ಹಾಲು. ಉಳಿದದ್ದು ಕೊನೆಗೆ. ತೆಂಗಿನಕಾಯಿ ಸಿಕ್ಕರೆ ಮಾತ್ರ ಡಬ್ಬಿಯ ಕಡೆ ನೋಡಲೇಬೇಡಿ, ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಬಗೊಂಗ್ ಯಾವುದು ಅಂತ ನೀವು ಬರೆದಿಲ್ಲ. ಹಸಿಯದು ಗುಲಾಬಿ ಬಣ್ಣ, ಬಾಯಿಗಿಡಲಾಗದಷ್ಟು ಉಪ್ಪು. ಹುರಿದದ್ದು ಕಂದು, ಕೆಲವಕ್ಕೆ ಸಕ್ಕರೆ ಹಾಕಿರುತ್ತಾರೆ. ಬಾರಿಯೋ ಫಿಯೆಸ್ತಾ ಬಾಟಲ್ ತಗೊಂಡರೆ ಸ್ವೀಟ್ ಅಂತ ಬರೆದದ್ದು ಬೇಡ, ಸ್ಪೈಸಿ ತಗೊಳ್ಳಿ. ಯಾವುದೇ ಇರಲಿ, ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಿಂದ ಆಚೆ ಇಡಿ. ಹಾಲು ಇಂಗಿದ ಹಾಗೆ ಇರೋ ಉಪ್ಪೇ ಏರುತ್ತೆ. ಸೀಗಡಿ ಅಲರ್ಜಿ ಇರುವವರು ಮನೆಗೆ ಬಂದರೆ ಮೊದಲೇ ಹೇಳಿಬಿಡಿ, ಈ ಬಗೊಂಗ್ ಅಂದರೆ ಹುದುಗಿಸಿದ ಸೀಗಡಿಯೇ. ಊರಲ್ಲಿ ಒಣ ಸೀಗಡಿ ಪುಡಿ ಹಾಕಿ ಮಾಡಿದ್ದೆ. ರುಚಿ ಆಯ್ತು, ಆದರೆ ಅದು ಬೇರೆ ಸಾರು.

ತರಕಾರಿ ವಿಷಯ. ಆಲೂಗಡ್ಡೆ, ಕ್ಯಾರೆಟ್ ಯಾಕ್ರೀ ಹಾಕಿದ್ದು? ಆಲೂಗಡ್ಡೆ ಹಾಲು ಕುಡಿದುಬಿಡುತ್ತೆ. ಈ ಅಡುಗೆಗೆ ಬಿಕೋಲ್‌ನಲ್ಲಿ ಗುಲಾಯ್ ನಾ ಲಾಡಾ ಅಂತಾರೆ. ಲಾಡಾ ಅಂದರೆ ಮೆಣಸಿನಕಾಯಿ, ಇಲ್ಲಿ ಅದೇ ತರಕಾರಿ! ಬಿಕೋಲ್ ಎಕ್ಸ್‌ಪ್ರೆಸ್ ಅನ್ನೋ ರೈಲಿನ ಹೆಸರು ಇದಕ್ಕೆ ಬಂದದ್ದು 1970ರ ದಶಕದಲ್ಲಿ, ಮನಿಲಾದ ಮಲಾತೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಸೆಲಿ ಕಲಾವ್ ಅವರಿಂದ. ಉದ್ದದ ಹಸಿರು ಮೆಣಸಿನಕಾಯಿ ಹತ್ತು ಹನ್ನೆರಡು, ಓರೆಯಾಗಿ ಹೆಚ್ಚಿ, ಉಪ್ಪುನೀರಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಹಿಂಡಿ. ಖಾರದ ಚುರುಕು ಇಳಿಯುತ್ತೆ. ಬಜ್ಜಿ ಮೆಣಸಿನಕಾಯಿ ಸಪ್ಪೆ, ಬೇಡ. ಲಾಬುಯೋ ಅನ್ನೋ ಇಲ್ಲಿಯ ಪುಟ್ಟ ಖಾರದ ಮೆಣಸು ಸಿಗದಿದ್ದರೆ ಸೂಜಿಮೆಣಸು ಮೂರು ಸಾಕು. ಹಸಿರು ಬೇಕೇ ಬೇಕು ಅಂದರೆ ಅಲಸಂದೆ ಕಾಯಿ. ಮನಿಲಾದಲ್ಲಿ ಸುಮಾರು ಜನ ಹಾಕ್ತಾರೆ. ಎರಡಿಂಚು ತುಂಡು, ಗಟ್ಟಿ ಹಾಲಿಗೆ ಐದು ನಿಮಿಷ ಮುಂಚೆ.

ನಿಮ್ಮ ಕಾಚಂಪುಲಿಯ ಹುಳಿಯಿಂದ ಇನ್ನೊಂದು ನೆನಪಾಯ್ತು. ಪತ್ರೊಡೆ ಮಾಡುವವರು ಲಾಯಿಂಗ್ (ಬಿಕೋಲ್ ಕಡೆಯ ಕೆಸುವಿನ ಎಲೆಯ ಅಡುಗೆ) ಮಾಡಲು ಹೋಗಿ ಕೆಸುವಿಗೆ ಹುಣಸೆ ಹಾಕ್ತಾರೆ. ಹಾಕಬೇಡಿ, ಅಲ್ಲೂ ತೆಂಗಿನ ಹಾಲೇ. ಇಲ್ಲಿಯವರು ಒಣಗಿಸಿದ ಎಲೆ ಬಳಸಿ, ಅದು ಪೂರ್ತಿ ಬೇಯೋವರೆಗೆ ಸೌಟು ಆಡಿಸೋದಿಲ್ಲ. ಆಡಿಸಿದರೆ ಗಂಟಲು ತುರಿಸುತ್ತೆ ಅಂತಾರೆ. ನಾನು ಒಮ್ಮೆ ಆಡಿಸಿ ರಾತ್ರಿಯಿಡೀ ಮಜ್ಜಿಗೆ ಕುಡಿದೆ.

ಉಳಿದದ್ದನ್ನು ರಾತ್ರಿ ಹೊರಗಿಡಬೇಡಿ, ತೆಂಗಿನ ಹಾಲು ಬೇಗ ಹಳಸುತ್ತೆ. ಫ್ರಿಜ್‌ನಲ್ಲಿ ಮೇಲೆ ಕೊಬ್ಬು ಗಟ್ಟಿಯಾಗಿ ನಿಂತಿರುತ್ತೆ, ತೆಗೆದು ಬಿಸಾಡಬೇಡಿ, ಸಣ್ಣ ಉರಿಯಲ್ಲಿ ಕರಗಿಸಿ. ಮಾರನೇ ದಿನವೇ ಇದು ಹೆಚ್ಚು ರುಚಿ. ಬಿಸಿ ಅನ್ನಕ್ಕೆ, ಚಪಾತಿಗಲ್ಲ. ಈಗಿರೋ ಪಾತ್ರೆಯನ್ನು ಉಳಿಸಬೇಕಾ? ಒಂದು ಲೋಟ ನೀರು ಹಾಲು ಸೇರಿಸಿ, ಮುಚ್ಚಳ ತೆಗೆದು, ಎಣ್ಣೆ ಬಿಡೋವರೆಗೆ ಇಂಗಿಸಿ. ಕಾಳು ಎಣ್ಣೆಯಲ್ಲಿ ಹುರಿದು ಕಂದಾಗುತ್ತೆ, ತಿನ್ನಬಹುದು. ಉಪ್ಪಿಗೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ, ಅನ್ನ ಜಾಸ್ತಿ ಮಾಡಿ.