ಮೊದಲ ಬೈಕ್: ಸಿಸಿ ಆಮೇಲೆ, ತೂಕ ಮೊದಲು

ಪ್ರಶ್ನೆ: ನನಗೆ 24 ವರ್ಷ, ಎತ್ತರ ಐದಡಿ ಎರಡಿಂಚು. ಇಷ್ಟು ದಿನ ಸ್ಕೂಟರ್ ಓಡಿಸಿದ್ದೇನೆ, ಗೇರ್ ಗಾಡಿ ಹೊಸದು. ದಿನಾ ಕೆಲಸಕ್ಕೆ ಹೋಗಿಬರಲು ಬೇಕು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಮೇಲೆ ನನಗೆ ಆಸೆ. ಅಪ್ಪ ಸ್ಪ್ಲೆಂಡರ್ ಸಾಕು ಅಂತಾರೆ. ಯಾವುದು ತಗೊಳ್ಳಲಿ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕ್ಲಾಸಿಕ್ ಒಳ್ಳೆಯ ಗಾಡಿ. ಆದರೆ ನಿಮ್ಮ ಮೊದಲ ಗಾಡಿಯಾಗಿ ಬೇಡ. ಅದರ ತೂಕ 195 ಕೆಜಿ, ಸ್ಪ್ಲೆಂಡರ್ ಪ್ಲಸ್ 112 ಕೆಜಿ ಆಸುಪಾಸು. ಓಡುವಾಗ ಈ ವ್ಯತ್ಯಾಸ ಅಷ್ಟು ತಿಳಿಯುವುದಿಲ್ಲ, ನಿಂತಾಗ ತಿಳಿಯುತ್ತದೆ. ನಾನು ಬೈಕ್ ಕಲಿಸುವವನು. ನನ್ನ ಹತ್ತಿರ ಕಲಿಯುವವರು ಬೀಳುವುದು ವೇಗದಲ್ಲಲ್ಲ. ಅಂಗಡಿ ಮುಂದೆ ತಿರುಗಿಸುವಾಗ, ಏರಿನಲ್ಲಿ ಎಂಜಿನ್ ಆಫ್ ಆದಾಗ, ಜಲ್ಲಿಯ ಮೇಲೆ ಕಾಲು ಜಾರಿದಾಗ. ಭಾರದ ಗಾಡಿ ಒಮ್ಮೆ ವಾಲಿತು ಅಂದರೆ ಗಟ್ಟಿ ಆಳಿಗೂ ಹಿಡಿಯೋದು ಕಷ್ಟ.

ಅದಕ್ಕೇ ಶೋರೂಮಿಗೆ ಹೋದಾಗ ಸ್ಟಾರ್ಟ್ ಮಾಡುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಆಫ್ ಇರಲಿ. ಗಾಡಿಯನ್ನು ಹಿಂದಕ್ಕೆ ತಳ್ಳಿ, ತಿರುಗಿಸಿ, ಸೆಂಟರ್ ಸ್ಟ್ಯಾಂಡ್ ಇದ್ದರೆ ಹಾಕಿ ತೆಗೆಯಿರಿ. ನಿಮ್ಮೂರಿನ ಇಳಿಜಾರು ಅಂಗಳದಲ್ಲಿ ದಿನಾ ಇದೇ ಕೆಲಸ ಅಲ್ವಾ? ಆಮೇಲೆ ಕೂತು ನೋಡಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಬೇಕು. ಸೀಟಿನ ಎತ್ತರ ಎಷ್ಟು ಮಿಲಿಮೀಟರ್ ಅಂತ ಓದಿ ನಂಬಬೇಡಿ, ಸೀಟು ಅಗಲವಿದ್ದರೆ ಕಾಲು ದೂರವಾಗಿ ನೆಲ ಸಿಗುವುದಿಲ್ಲ.

ಇನ್ನು ಬ್ರೇಕ್. ನಿಮ್ಮ ಕಡೆ ಮಳೆ, ಪಾಚಿ, ಅಡಿಕೆ ತೋಟದ ಮಗ್ಗುಲಿನ ಕೆಸರು ಎಲ್ಲ ಇರುವುದರಿಂದ ಇದನ್ನು ನಾನು ಒತ್ತಿ ಹೇಳುತ್ತೇನೆ. 2019ರ ಏಪ್ರಿಲ್‌ನಿಂದ 125 ಸಿಸಿ (ಎಂಜಿನ್ ಗಾತ್ರ) ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಸಾಕು ಅಂತಾಯಿತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಅಷ್ಟೇ. ಚಕ್ರ ಲಾಕ್ ಆಗಿ ಜಾರುವುದನ್ನು ತಡೆಯುವುದು ಎಬಿಎಸ್. ಹೀರೋ ಎಕ್ಸ್‌ಟ್ರೀಮ್ 125ಆರ್‌ನಲ್ಲಿ ಎಬಿಎಸ್ ಇರುವ ಮಾದರಿ ಸಿಗುತ್ತದೆ, ತೂಕ 136 ಕೆಜಿ. ನಿಮಗೆ ನನ್ನ ಮೊದಲ ಆಯ್ಕೆ ಅದೇ. ಭಾರ ಅನಿಸಿದರೆ ಟಿವಿಎಸ್ ರೈಡರ್, ಸುಮಾರು 123 ಕೆಜಿ. ಅದರಲ್ಲಿ ಡಿಸ್ಕ್ ಬ್ರೇಕ್ ಇರುವುದನ್ನೇ ಕೇಳಿ.

ಅಪ್ಪನ ಮಾತೂ ತಪ್ಪಲ್ಲ. ಸ್ಪ್ಲೆಂಡರ್ ಹಗುರ, ಯಾವ ಊರಿನಲ್ಲೂ ರಿಪೇರಿ ಆಗುತ್ತದೆ. ಒಂದೇ ತೊಡಕು, ಅದರ ನಾಲ್ಕೂ ಗೇರ್ ಕೆಳಕ್ಕೆ ಒತ್ತುವಂಥವು. ರೈಡರ್‌ನಂಥ ಗಾಡಿಗಳಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಮುಂದೆ ಕ್ಲಾಸಿಕ್‌ಗೆ ಹೋಗುವ ಆಸೆ ಇದ್ದರೆ ಈ ಎರಡನೆಯ ಕ್ರಮವೇ ಕಾಲಿಗೆ ರೂಢಿಯಾಗಲಿ, ಕ್ಲಾಸಿಕ್‌ನಲ್ಲೂ ಅದೇ ಇರುವುದು.

ಆಗುಂಬೆ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್‌ಗೆ ಹಾಕುವವರನ್ನು ನೋಡಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಇಲ್ಲವೇ ಮೂರನೇ ಗೇರಿನಲ್ಲೇ ಇಳಿಯಿರಿ, ಎಂಜಿನ್ ತಾನೇ ಗಾಡಿಯನ್ನು ಹಿಡಿಯುತ್ತದೆ.

ಬುಕ್ ಮಾಡುವ ಮೊದಲು ನಿಮ್ಮ ಲೈಸೆನ್ಸ್ ತೆಗೆದು ನೋಡಿ. ಗೇರ್ ಇಲ್ಲದ ಗಾಡಿಗೆ ಮಾತ್ರ ಇದ್ದರೆ ಬೈಕಿಗೆ ಅದು ನಡೆಯುವುದಿಲ್ಲ. ಗೇರ್ ಗಾಡಿಗೆ ಬೇರೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಬೇಕು. ಅದು ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆ ಕೊಡಬಹುದು.