ತಂಗಿಯ ಸಲುವಾಗಿ ಜೀತಕ್ಕಿದ್ದ ಅಕ್ಕ

(ಗುರುತು ಸಿಗಬಾರದೆಂದು ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಹಾವೇರಿ ಜಿಲ್ಲೆಯ ಬೀಜೋತ್ಪಾದನೆಯ ಹೊಲವೊಂದರಿಂದ ಬಿಡಿಸಿಕೊಂಡು ಬಂದ ಅಕ್ಕತಂಗಿಯರನ್ನು ಮಕ್ಕಳ ಕಲ್ಯಾಣ ಸಮಿತಿ ಆಪ್ತಸಲಹೆಗೆ ನನ್ನ ಬಳಿ ಕಳಿಸಿತ್ತು. ಅಕ್ಕನಿಗೆ ಹದಿನಾಲ್ಕರ ಆಸುಪಾಸು, ತಂಗಿಗೆ ಒಂಬತ್ತು. ತಾಯಿ ತೀರಿಕೊಂಡಿದ್ದಾಳೆ. ಅಪ್ಪ ಮಾಲೀಕನಿಂದ ಮುಂಗಡ ಇಸಕೊಂಡು, ದೊಡ್ಡವಳನ್ನು ದುಡಿಯಲು ಬಿಟ್ಟು, ತಾನು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗಿದ್ದ. ಸಣ್ಣವಳಿಗೆ ಮೂರ್ಛೆರೋಗ. ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಅವಳೂ ಅಕ್ಕನ ಜೊತೆಗೇ ಉಳಿದಳು.

ಕೆಲಸ ಹತ್ತಿಯ ಕ್ರಾಸಿಂಗ್. ಮರುದಿನ ಅರಳುವ ಮೊಗ್ಗಿನ ಕೇಸರವನ್ನು ಹಿಂದಿನ ಮಧ್ಯಾಹ್ನದಿಂದಲೇ ಕೆತ್ತಿ ತೆಗೆಯಬೇಕು, ಬೆಳಿಗ್ಗೆ ಎದ್ದು ಗಂಡು ತಳಿಯ ಹೂವಿನ ಪರಾಗ ಮುಟ್ಟಿಸಬೇಕು. ಹಂಗಾಮು ಮುಗಿಯುವವರೆಗೂ ಒಂದು ದಿನ ತಪ್ಪುವಂತಿಲ್ಲ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ತಳಿ ಬಂದಾಗಿನಿಂದ ನಮ್ಮ ಭಾಗಕ್ಕೆ ಹೈಬ್ರಿಡ್ ಹತ್ತಿಯ ಹೆಮ್ಮೆ ಇದೆ. ಆ ಬೀಜ ಕಟ್ಟುವುದಕ್ಕೆ ಎಳೆ ಬೆರಳುಗಳನ್ನು ಹುಡುಕಿಕೊಂಡು ಹೋಗುವವರ ಬಗ್ಗೆ ಅಷ್ಟೇ ಜೋರಾಗಿ ಮಾತಾಡಬೇಕು ಎಂದು ನನಗನಿಸುತ್ತದೆ.

ಮೊದಲ ಭೇಟಿಯಲ್ಲಿ ಅಕ್ಕ ಬಾಗಿಲು ಮುಚ್ಚಗೊಡಲಿಲ್ಲ. “ಆಕಿ ನನ್ನ ಕಣ್ಣಿಗೆ ಕಾಣಬೇಕ್ರಿ” ಅಂದಳು. ಬಾಗಿಲು ತೆರೆದಿಟ್ಟೇ ಮಾತಾಡಿದೆವು. ಹೊಲದ ಬದಿಗೆ ಕೃಷಿ ಹೊಂಡವಿತ್ತಂತೆ. ಮೂರ್ಛೆ ಬಂದು ತಂಗಿ ಅದರಲ್ಲಿ ಬಿದ್ದರೆ ಎಂಬ ಅಂಜಿಕೆಗೆ ಅವಳನ್ನು ಸಾಲಿನ ಈ ತುದಿಗೇ ಕೂಡಿಸಿ, ನಾಲ್ಕು ಗಿಡಕ್ಕೊಮ್ಮೆ ತಿರುಗಿ ನೋಡುತ್ತಿದ್ದಳು. ರಾತ್ರಿ ಓಢಣಿಯ ಒಂದು ತುದಿ ತಂಗಿಯ ಕೈಗೆ, ಇನ್ನೊಂದು ತನ್ನ ಕೈಗೆ. ಸಣ್ಣವಳು ನಡುಗಿದರೆ ಇವಳಿಗೆ ಎಚ್ಚರ. ಬಾಲಮಂದಿರಕ್ಕೆ ಬಂದ ಮೇಲೂ ಆ ಗಂಟು ಬಿಚ್ಚಿರಲಿಲ್ಲ.

ಮಾಲೀಕ ಇದನ್ನು ಚೆನ್ನಾಗಿ ಅರಿತಿದ್ದ. “ನೀ ಓಡಿ ಹೋದ್ರ ತಂಗೀನ್ನ ಕೆಲಸಕ್ಕ ಇಳಸ್ತೀನಿ” ಅನ್ನುತ್ತಿದ್ದ. ತಂಗಿಯ ಗುಳಿಗೆಯ ದುಡ್ಡನ್ನೂ ಸಾಲಕ್ಕೆ ಸೇರಿಸುತ್ತಿದ್ದ. ಹೊಲಕ್ಕೆ ಬೇಲಿ ಕೂಡ ಇರಲಿಲ್ಲ; ಅವಳನ್ನು ಕಟ್ಟಿಹಾಕಿದ್ದು ಈ ಬೆದರಿಕೆ ಮತ್ತು ಸಾಲ.

ಆದ್ದರಿಂದ ನಾನು ಮೊದಲು ಮಾತಾಡಿದ್ದು ಸಾಲದ ಬಗ್ಗೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲ ಸಾಲವೇ ಅಲ್ಲ, ತೀರಿಸಬೇಕಾಗಿಲ್ಲ, ನಿನ್ನಿಂದಾಗಲಿ ತಂಗಿಯಿಂದಾಗಲಿ ಯಾರೂ ವಸೂಲಿ ಮಾಡುವಂತಿಲ್ಲ ಎಂದು ಬೇರೆ ಬೇರೆ ದಿನ ಮತ್ತೆ ಮತ್ತೆ ಹೇಳಬೇಕಾಯಿತು. ಅವಳು ಕೇಳಿದ್ದು ಒಂದೇ: “ಹಂಗಾದ್ರ ನಮ್ಮಪ್ಪನ್ನ ಹಿಡೀತಾರೇನ್ರಿ?” ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲಿಲ್ಲ. ಅಪ್ಪನನ್ನು ಕರೆದು ವಿಚಾರಿಸುತ್ತಾರೆ, ಆದರೆ ನೀನು ನಿಜ ಹೇಳಿದ್ದರಿಂದ ಅವನಿಗೆ ಕೇಡಾಯಿತು ಅಂತ ತಲೆ ಮೇಲೆ ಹೊತ್ತುಕೋಬೇಡ ಅಂದೆ.

ಆರೈಕೆಗೆಂದು ತಂಗಿಯೊಬ್ಬಳನ್ನೇ ಬೇರೆ ಸಂಸ್ಥೆಗೆ ಕಳಿಸುವ ಮಾತು ಬಂತು. ಬೇಡವೇ ಬೇಡ ಎಂದು ಸಮಿತಿಗೆ ಬರೆದೆ. ಹೊಲ ಬಿಟ್ಟರೆ ತಂಗಿ ಕೈತಪ್ಪುತ್ತಾಳೆ ಎಂದು ಮಾಲೀಕ ಹುಟ್ಟಿಸಿದ್ದ ಅಂಜಿಕೆಯನ್ನು ನಾವೇ ನಿಜ ಮಾಡಿದಂತಾಗುತ್ತಿತ್ತು. ಸಮಿತಿ ಒಪ್ಪಿತು, ಇಬ್ಬರಿಗೂ ಅಕ್ಕಪಕ್ಕದ ಹಾಸಿಗೆ.

ಸಿಬ್ಬಂದಿಗೆ ನಾನು ಕೊಟ್ಟ ಸಲಹೆ ಕೆಲವರಿಗೆ ವಿಚಿತ್ರ ಅನಿಸಿತು: “ತಾಯಿಯಂಥ ಅಕ್ಕ” ಎಂದು ಅವಳನ್ನು ಹೊಗಳಬೇಡಿ. ಹೊಗಳಿಕೆ ಬಿದ್ದಷ್ಟೂ ಅವಳಿಗೆ ಆ ಭಾರ ಇಳಿಸುವುದು ಕಷ್ಟ. ಹಾಗಂತ ಕಸಿದುಕೊಳ್ಳುವುದೂ ತಪ್ಪು. ಓಢಣಿಯ ಗಂಟು ಬಿಚ್ಚು ಅಂತ ಯಾರೂ ಹೇಳಕೂಡದು. ದೊಡ್ಡವರು ಕೈಜೋಡಿಸುತ್ತಾರೆ ಎಂಬ ನಂಬಿಕೆ ಬಂದ ಮೇಲೆ ತಾನೇ ಬಿಚ್ಚುತ್ತಾಳೆ. ಅದಕ್ಕೆ ರಾತ್ರಿ ಪಾಳಿಯವರು ಮೂರ್ಛೆಯ ಆರೈಕೆ ಕಲಿಯಬೇಕಿತ್ತು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿ, ಗಡಿಯಾರ ನೋಡಿ. ಕೈಕಾಲು ಹಿಡಿದು ಒತ್ತಬೇಡಿ, ಬಾಯಿಗೆ ಏನೂ ಹಾಕಬೇಡಿ. ಕೀಲಿಕೈ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದರಿಂದ ಏನೂ ಆಗದು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಗುಳಿಗೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಅದಕ್ಕಾಗಿ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕಳಿಸಿದೆವು. ತಂಗಿಗೆ ಮೂರ್ಛೆ ಬರುವ ಮುಂಚೆ ಏನೇನಾಗುತ್ತದೆ ಎಂದು ಸಿಬ್ಬಂದಿಗೆ ಹೇಳಿಕೊಟ್ಟದ್ದು ಅಕ್ಕನೇ.

ನಿನಗೆ ತಿನ್ನಲು ಏನು ಇಷ್ಟ ಅಂತ ಒಮ್ಮೆ ಕೇಳಿದೆ. “ಆಕಿಗೆ ಗಿರ್ಮಿಟ್ ಇಷ್ಟರಿ” ಅಂದಳು. ಮತ್ತೊಮ್ಮೆ ಕೇಳಿದಾಗ ಸುಮ್ಮನಾದಳು. ಹಾಗಾಗಿ ದಿನಕ್ಕೆ ಅರ್ಧ ತಾಸು ಅವಳದೇ ಎಂದು ಗೊತ್ತುಮಾಡಿದೆವು. ಆ ಹೊತ್ತಿಗೆ ತಂಗಿ ಕಣ್ಣಳತೆಯಲ್ಲೇ, ಬೇರೆಯವರ ಜೊತೆ.

ಸಣ್ಣವಳ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ. “ನನ್ನ ಸಲುವಾಗಿ ಅಕ್ಕ ಬಡಿಸ್ಕೊಂಡ್ಳು” ಅಂದಳು. ಹೊಡೆದದ್ದು ಮಾಲೀಕನ ತಪ್ಪು, ನಿನ್ನ ಬೇನೆಯದ್ದಲ್ಲ ಎಂದು ಅಕ್ಕನ ಎದುರಿಗೇ ಹೇಳಿದೆ. ತನ್ನ ಗುಳಿಗೆಯ ಹೊತ್ತು ತಾನೇ ನೆನಪಿಟ್ಟು ಕೇಳುವುದನ್ನು ಅವಳಿಗೆ ವಹಿಸಿದೆವು. ಅದನ್ನವಳು ಒಂದು ದಿನವೂ ಮರೆತಿಲ್ಲ.

ಚಿಕ್ಕಪ್ಪ ಬಂದು ದೊಡ್ಡವಳೊಬ್ಬಳನ್ನೇ ಕರೆದೊಯ್ಯುತ್ತೇನೆಂದ. ಮನೆಯ ಸ್ಥಿತಿಗತಿಯ ವರದಿ ಬರುವವರೆಗೆ ಯಾರನ್ನೂ ಕಳಿಸುವುದಿಲ್ಲ ಎಂದು ಸಮಿತಿ ಹೇಳಿದೆ. ಜೀತದಿಂದ ಬಿಡುಗಡೆಯಾದ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿಗೆ ಅರ್ಜಿ ಹೋಗಿದೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30 ಸಾವಿರದವರೆಗೆ, ಆಮೇಲೆ ಮಕ್ಕಳಿಗೆ 2 ಲಕ್ಷ ರೂಪಾಯಿ ಸಿಗಬೇಕು. ಖಾತೆ ಮಗುವಿನ ಹೆಸರಿನಲ್ಲೇ ಇರಲಿ ಎಂದು ಒತ್ತಿ ಹೇಳಿದ್ದೇನೆ. ಅಪ್ಪ ಬಂದರೆ ಮೊದಲು ನನ್ನ ಜೊತೆ ಕೂರಬೇಕು, ಮಕ್ಕಳ ಭೇಟಿ ಆಮೇಲೆ. ಇದಕ್ಕೆ ಅಕ್ಕನೂ ಒಪ್ಪಿದ್ದಾಳೆ.